ದೇವತೆಗಳ ಹೊಟ್ಟೆಕಿಚ್ಚು

ಕೋಲಾರ ಸೀಮೆಯಿಂದ ಬಂದು ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ಕಟ್ಟಿದ ಕೆ.ವಿ. ಅಯ್ಯರ್, ತಮ್ಮದು ದೇವತೆಗಳೂ ಆಸೆಪಡುವಂಥ ಮೈ ಎಂಬರ್ಥದ ಮಾತನ್ನು ಇಂಗ್ಲಿಷಿನಲ್ಲಿ ಬರೆದುಕೊಂಡವರು. ಇದನ್ನು ನಮ್ಮ ಜಿಮ್ಮಿನ ಹುಡುಗರಿಗೆ ಹೇಳಿದರೆ ಶಿಳ್ಳೆ ಹಾಕುತ್ತಾರೆ. ನಮ್ಮವ್ವನಿಗೆ ಹೇಳಿದ್ದಕ್ಕೆ, ‘ಅಮ್ಮನ ಊರಲ್ಲಿ ನಿಂತ್ಕಂಡು ಇಂಥ ಮಾತು ಆಡಬ್ಯಾಡ ಕಣ್ಲಾ’ ಅಂದಳು. ಅಮ್ಮ ಅಂದರೆ ಕಬ್ಬಾಳಮ್ಮ. ಈ ಊರಲ್ಲಿ ಬೇರೆ ಅಮ್ಮ ಇಲ್ಲ.

ಅಯ್ಯರ್ ಮಾತು ಬರೀ ಜಂಭವೇ? ನನಗೆ ಹಾಗನ್ನಿಸುವುದಿಲ್ಲ. ಅವರು ಜಂಭದಲ್ಲೇ ಅಂದಿರಬಹುದು, ಆದರೂ ಮಾತಿನಲ್ಲಿ ನಿಜ ಇದೆ.

ನಮ್ಮ ಪುರಾಣಗಳಲ್ಲಿ ಇಂದ್ರನ ಪಾಡು ನೋಡಿ. ಭೂಮಿಯ ಮೇಲೆ ಯಾವನೋ ಒಬ್ಬ ಕಣ್ಣುಮುಚ್ಚಿ ಒಂಟಿಕಾಲಲ್ಲಿ ನಿಂತರೆ ಸಾಕು, ಅಮರಾವತಿಯಲ್ಲಿ ಇವನಿಗೆ ನಡುಕ. ಕೂಡಲೇ ರಂಭೆಯನ್ನೋ ಮೇನಕೆಯನ್ನೋ ಕಳಿಸುತ್ತಾನೆ. ಅಮೃತ ಕುಡಿದವನಿಗೆ ಒಣಕಲು ಋಷಿಯ ಮೇಲೇಕೆ ಹೊಟ್ಟೆಕಿಚ್ಚು? ದೇವತೆಗಳದು ಬಂದ ಮೈ, ಮಾಡಿಕೊಂಡ ಮೈ ಅಲ್ಲ. ಅದು ಕೊಬ್ಬುವುದಿಲ್ಲ, ಸೊರಗುವುದಿಲ್ಲ, ಬೆವರುವುದೂ ಇಲ್ಲ. ಸ್ವರ್ಗ ಭೋಗಭೂಮಿ, ಅಲ್ಲಿ ಕೂಡಿಟ್ಟ ಪುಣ್ಯ ಕರಗುತ್ತದೆಯೇ ಹೊರತು ಹೊಸದಾಗಿ ಸಂಪಾದನೆಯಿಲ್ಲ. ಸಂಪಾದನೆಯೆಲ್ಲ ಈ ಕರ್ಮಭೂಮಿಯಲ್ಲಿ, ಈ ಹಾಳು ಮೈಯಲ್ಲೇ. ಬೆಳಗ್ಗೆ ನಾಲ್ಕಕ್ಕೆ ಎದ್ದು ಬಸ್ಕಿ ಹೊಡೆಯುವ ಹುಡುಗನ ತೊಡೆ ನಡುಗುತ್ತದಲ್ಲ, ಆ ನಡುಕ ಇಂದ್ರನಿಗೆ ಸಿಕ್ಕುವಂಥದ್ದಲ್ಲ.

ನಾನು ಕಬ್ಬಾಳಿನವನು. ಸ್ವಲ್ಪ ಹಿಪ್ಪುನೇರಳೆ ತೋಟ, ಒಂದು ಹುಳದ ಮನೆ, ಸಾತನೂರಿನಲ್ಲಿ ತಗಡಿನ ಶೆಡ್ಡಿನಲ್ಲೊಂದು ಜಿಮ್ಮು. ವಯಸ್ಸಿದ್ದಾಗ ನಾನೂ ದೇಹದಾರ್ಢ್ಯ ಸ್ಪರ್ಧೆಗೆ ವೇದಿಕೆ ಹತ್ತಿದವನೇ. ಆಗಲೂ ಅವ್ವ ಕೇಳುತ್ತಿದ್ದಳು: ‘ಇಷ್ಟೆಲ್ಲ ಮೈ ಮಾಡ್ಕಂಡು ಯಾರಿಗ್ ತೋರ್ಸಬೇಕು ಮಗಾ?’ ಅವಳ ಲೆಕ್ಕದಲ್ಲಿ ಮೈ ಇರುವುದು ಸೊಪ್ಪಿನ ಹೊರೆ ಹೊರಲು, ಮುದ್ದೆ ತಿರುವಲು. ನೋಡಲು ಅಲ್ಲ.

ವೇದಿಕೆಯ ಒಳಗುಟ್ಟು ಗೊತ್ತಿದ್ದರೆ ಅವಳ ಪ್ರಶ್ನೆ ಇನ್ನೂ ಹರಿತವಾಗುತ್ತಿತ್ತು. ಸ್ಪರ್ಧೆಗೆ ಮೂರು ನಾಲ್ಕು ತಿಂಗಳು ಮೊದಲೇ ಕಟ್ಟಿಂಗ್ ಶುರು. ಮೊಟ್ಟೆಯ ಬಿಳಿ, ಚರ್ಮ ತೆಗೆದ ಕೋಳಿ, ಅಳೆದು ತೂಗಿದ ಅನ್ನ. ಕೊನೆಯ ದಿನಗಳಲ್ಲಿ ಉಪ್ಪು ಬಿಡುತ್ತಾರೆ, ನೀರನ್ನೂ ಗುಟುಕಿಗೆ ಇಳಿಸುತ್ತಾರೆ. ಚರ್ಮದಡಿಯ ನೀರು ಇಳಿದರೆ ಸ್ನಾಯುವಿನ ಗೆರೆ ಎದ್ದು ಕಾಣುತ್ತದೆಂದು. ಅದು ಅಪಾಯದ ಆಟ. ಆಮೇಲೆ ಮೈಗೆ ಕಂದು ಬಣ್ಣ, ಮೇಲೆ ಎಣ್ಣೆ. ದೀಪದ ಕೆಳಗೆ ತೋಳು ಮಡಚಿ, ರೆಕ್ಕೆ ಬಿಚ್ಚಿ, ಎದೆ ಓರೆ ಮಾಡಿ, ಬೆನ್ನು ತಿರುಗಿಸಿ ತೋರಿಸಬೇಕು. ಜನ ಕಿರುಚುತ್ತಾರೆ. ಭೀಮನಂತೆ ಕಾಣುವ ಆ ಗಳಿಗೆಯಲ್ಲಿ ಸ್ಪರ್ಧಿಗೆ ಕಣ್ಣು ಕತ್ತಲೆ ಬರುತ್ತಿರುತ್ತದೆ, ಮೀನಖಂಡ ಹಿಡಿದುಕೊಂಡಿರುತ್ತದೆ. ಒಂದು ಮೂಟೆ ಗೊಬ್ಬರ ಎತ್ತು ಅಂದರೆ ಅಲ್ಲೇ ಕೂರುತ್ತಾನೆ. ವರ್ಷದಲ್ಲೇ ಅತಿ ಬಲವಾಗಿ ಕಾಣುವ ದಿನವೇ ಅತಿ ಬಲಹೀನ ದಿನ. ಮಾಯೆ ಅಂದರೇನು ಎಂದು ವೇದಾಂತಿಗಳು ಹಗ್ಗ ಹಾವಿನ ಉದಾಹರಣೆ ಕೊಡುತ್ತಾರೆ. ಒಂದು ಸಲ ಈ ವೇದಿಕೆಯ ಹಿಂದೆ ಬಂದು ನೋಡಲಿ.

(ಈಗಿನ ಸೂಜಿ ಮದ್ದಿನ ವಿಷಯ ನಾನಿಲ್ಲಿ ಎತ್ತುವುದಿಲ್ಲ. ಹೃದಯ, ಲಿವರ್ ಎರಡನ್ನೂ ಒತ್ತೆಯಿಟ್ಟು ತೋಳು ಕೊಳ್ಳುವ ವ್ಯಾಪಾರ ಅದು. ನನ್ನ ಶೆಡ್ಡಿನೊಳಗೆ ತಂದವನನ್ನು ಹೊರಗೆ ಹಾಕುತ್ತೇನೆ. ಅದಕ್ಕೆ ಫಿಲಾಸಫಿ ಬೇಕಿಲ್ಲ.)

ಹುಳ ಮೇಯಿಸುವವನಿಗೆ ಇದೆಲ್ಲ ಹೊಸದಲ್ಲ. ರೇಷ್ಮೆ ಹುಳ ಹಗಲು ರಾತ್ರಿ ಸೊಪ್ಪು ತಿಂದು, ನಾಲ್ಕು ಜ್ವರ (ಪೊರೆ ಬಿಡುವ ಹಂತ) ದಾಟಿ, ಹುಟ್ಟಿದಾಗ ಇದ್ದ ತೂಕಕ್ಕಿಂತ ಸುಮಾರು 10 ಸಾವಿರ ಪಟ್ಟು ಬೆಳೆಯುತ್ತದೆ. ಹಣ್ಣಾದ ದಿನ ಬಾಯಿ ಕಟ್ಟುತ್ತದೆ. ಎಷ್ಟು ಎಳೆಯ ಸೊಪ್ಪು ಹಾಕಿದರೂ ಮೂಸುವುದಿಲ್ಲ. ಗೂಡು ಕಟ್ಟುವ ಚಂದ್ರಿಕೆಗೆ ಬಿಟ್ಟರೆ ತನ್ನ ಮೈಯನ್ನೇ ಎಳೆ ಎಳೆಯಾಗಿ ಹೊರಗೆ ಬಿಟ್ಟು, ಕುಗ್ಗಿ, ಗೂಡಿನೊಳಗೆ ಮರೆಯಾಗುತ್ತದೆ. ನಾವು ಆ ಗೂಡನ್ನು ರಾಮನಗರದ ಮಾರುಕಟ್ಟೆಗೆ ಒಯ್ದು ಹರಾಜಿಗಿಡುತ್ತೇವೆ. ಅಷ್ಟು ತಿಂದದ್ದು ಯಾರಿಗಾಗಿ ಎಂದು ಹುಳಕ್ಕೆ ಗೊತ್ತಿಲ್ಲ. ಜಿಮ್ಮಿನ ಹುಡುಗನಿಗೆ ಗೊತ್ತು, ಅಥವಾ ಗೊತ್ತು ಎಂದುಕೊಂಡಿರುತ್ತಾನೆ. ‘ನನ್ನ ಬಾಡಿ ಅಣ್ಣಾ, ನಾನೇ ಕಟ್ಟಿದ್ದು’ ಅನ್ನುತ್ತಾನೆ. ದಿನಾ ಮೊಟ್ಟೆ ಬೇಯಿಸಿಕೊಟ್ಟವಳ ಹೆಸರು, ಕೋಳಿಗೆ ದುಡ್ಡು ಕೊಟ್ಟವನ ಹೆಸರು ಆ ಮಾತಿನಲ್ಲಿ ಬರುವುದಿಲ್ಲ.

ಮೈ ನನ್ನದು ಅನ್ನುವುದು ಎಷ್ಟು ತೆಳು ಎಂದು ತಿಳಿಯಲು ನಮ್ಮೂರಲ್ಲಿ ದೂರ ಹೋಗಬೇಕಿಲ್ಲ, ತಲೆ ಎತ್ತಿದರೆ ಸಾಕು. ಕಬ್ಬಾಳುದುರ್ಗದ ಬಂಡೆ ಒಂದು ಕಾಲಕ್ಕೆ ಮೈಸೂರು ಸಂಸ್ಥಾನದ ಸೆರೆಮನೆ. ರಾಜದ್ರೋಹದ ಕೈದಿಗಳನ್ನು ಅಲ್ಲಿಗೆ ಹತ್ತಿಸುತ್ತಿದ್ದರು. ಮೇಲಿನ ನೀರು ಕುಡಿದವನು ಉಳಿಯುವುದಿಲ್ಲ ಎಂದು ಹಳಬರು ಹೇಳುತ್ತಿದ್ದರು. ನೇಣು, ಕತ್ತಿ ಏನೂ ಬೇಡ, ಗಾಳಿ ನೀರಿಗೆ ಬಿಟ್ಟರೆ ಆಯಿತು. ಹತ್ತಿದವರಲ್ಲಿ ಗರಡಿಯಲ್ಲಿ ಮಟ್ಟಿ ಹೊಯ್ದುಕೊಂಡು ಬೆಳೆದ ಜಟ್ಟಿ ಮೈಗಳೂ ಇದ್ದಿರಬೇಕು. ಅದೇ ಬಂಡೆಯ ಬುಡದಲ್ಲಿ ಇವತ್ತು ಅಮ್ಮನಿಗೆ ಹರಕೆ ಹೊತ್ತವರ ಸಾಲು.

ಹರಕೆಯ ಮರಿಯಲ್ಲಿ ಊನ ಇರಬಾರದು. ಕಿವಿ ಹರಿದಿರಬಾರದು, ಕೊಂಬು ಮುರಿದಿರಬಾರದು. ದೇವಸ್ಥಾನದ ಆವರಣದಲ್ಲಿ ಬಲಿ ಕೂಡದೆಂದು 1959ರ ಕಾಯ್ದೆ ಇದೆ. ಹರಕೆಯ ಊಟ ಮಾತ್ರ ನಿಂತಿಲ್ಲ. ಮರಿಯನ್ನು ತಡವಿ, ಬೆನ್ನು ಒತ್ತಿ, ಹಲ್ಲು ನೋಡುವ ಯಜಮಾನನ ಕಣ್ಣು ಥೇಟ್ ತೀರ್ಪುಗಾರನ ಕಣ್ಣು. ಆದರೆ ಮರಿ ತನ್ನ ಮೈಯನ್ನು ತಾನು ಕೊಡುತ್ತಿಲ್ಲ; ಕೊಡುವವನು ಇನ್ನೊಬ್ಬ. ತಾನೇ ಕಟ್ಟಿಕೊಂಡ ಮೈಯನ್ನು ತಾನೇ ಕೊಡುವುದು ಹೇಗೆ? ನನ್ನ ತಲೆ ತಿನ್ನುವುದು ಈ ಪ್ರಶ್ನೆ.

ಇದಕ್ಕೆ ನಮ್ಮ ನಾಡಿನಲ್ಲಿ ಕಲ್ಲಿನ ಉತ್ತರವೊಂದು ನಿಂತಿದೆ. ಶ್ರವಣಬೆಳಗೊಳದ ಬಾಹುಬಲಿ, ಚಾವುಂಡರಾಯ 981ರಲ್ಲಿ ನಿಲ್ಲಿಸಿದ 58 ಅಡಿಯ ಮೂರ್ತಿ. ಅವನು ಗೆದ್ದ ಜಟ್ಟಿ. ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ಅಣ್ಣ ಭರತನನ್ನು ಸೋಲಿಸಿದವನು. ಕೊನೆಗೆ ಅಣ್ಣನನ್ನು ಎತ್ತಿ ಹಿಡಿದವನು ನೆಲಕ್ಕೆ ಅಪ್ಪಳಿಸದೆ ಇಳಿಸಿದ, ಗೆದ್ದ ರಾಜ್ಯ ಬಿಟ್ಟು ಕಾಡಿಗೆ ಹೋಗಿ ನಿಂತ. ಬಳ್ಳಿ ತೊಡೆಗೆ ಹಬ್ಬಿತು. ನಾನು ಬೆಟ್ಟ ಹತ್ತಿದಾಗಲೆಲ್ಲ ಕೋಚಿನ ಕಣ್ಣಲ್ಲೇ ನೋಡುತ್ತೇನೆ. ಭುಜ ಅದ್ಭುತ. ಆದರೆ ಹೊಟ್ಟೆಯ ಮೇಲೆ ಸಿಕ್ಸ್ ಪ್ಯಾಕ್ ಗೆರೆಗಳಿಲ್ಲ, ತೋಳಲ್ಲಿ ನರ ಎದ್ದಿಲ್ಲ, ಎಲ್ಲ ನುಣುಪು. ಈಗಿನ ಯಾವ ಸ್ಪರ್ಧೆಯಲ್ಲೂ ಅಂಕ ಬೀಳುವುದಿಲ್ಲ. ಮಲ್ಲಯುದ್ಧ ಗೆದ್ದವನ ಮೈಗೆ ಹುರಿಗಟ್ಟಿದ ಸ್ನಾಯು ಬಿಡಿಸಲು ಆ ಶಿಲ್ಪಿಗೆ ಬರುತ್ತಿರಲಿಲ್ಲವೇ? ಬರುತ್ತಿತ್ತು. ಬಿಗಿಹಿಡಿದ ಸ್ನಾಯು ತೋರಿಸುವುದಕ್ಕೆ. ಬಾಹುಬಲಿಯೋ ಬಿಗಿತವನ್ನೇ ಬಿಟ್ಟವನು. ಅವ್ವನ ‘ಯಾರಿಗೆ ತೋರಿಸಬೇಕು’ ಎಂಬ ಪ್ರಶ್ನೆ ಅಲ್ಲಿ ಕೇಳುವಂತೆಯೇ ಇಲ್ಲ. ಹಾಗಂತ ಮೈಯನ್ನು ಅವನು ಹೀನ ಮಾಡಲಿಲ್ಲ. ಉಪವಾಸದ ಎಲುಬಿನ ಹಂದರವಾಗಿ ಕೆತ್ತದೆ ಶಿಲ್ಪಿ ಅವನನ್ನು ತುಂಬು ಮೈಯಲ್ಲಿ ನಿಲ್ಲಿಸಿದ. ದೇಹವನ್ನು ಮಲಮೂತ್ರದ ಚೀಲ ಎಂದು ಬೈಯುವ ವೈರಾಗ್ಯದ ಮಾತುಗಳಿಗಿಂತ ನನಗೆ ಇದು ಹಿಡಿಸುತ್ತದೆ. ಚೀಲ ಎಂದು ಬೈದವನಿಗೆ ಬಿಡಲು ಏನಿದೆ? ಕಟ್ಟಿದವನಷ್ಟೇ ಬಿಡಬಲ್ಲ.

ಅಯ್ಯರ್ ಬಾಳಿನಲ್ಲೂ ನನಗೆ ಕಾಣುವುದು ಇದರ ಹತ್ತಿರದ್ದೇ. ಸೂರ್ಯನಮಸ್ಕಾರದ ಮೇಲೆ ಪುಸ್ತಕ ಬರೆದರು, ಅಂಚೆಯ ಮೂಲಕ ದೂರದೂರದವರಿಗೆ ವ್ಯಾಯಾಮ ಕಲಿಸಿದರು. ಅವರ ಆಪ್ತ ಗೆಳೆಯರೆಂದರೆ ನಾಟಕಕಾರ ಟಿ.ಪಿ. ಕೈಲಾಸಂ. ಎಂಥ ಜೋಡಿ! ಒಬ್ಬರು ಮೈಯನ್ನು ಕಡೆದು ನಿಲ್ಲಿಸಿದವರು, ಇನ್ನೊಬ್ಬರು ಸಿಗರೇಟಿನ ಹೊಗೆಯಲ್ಲಿ ಸುಟ್ಟುಕೊಂಡವರು. ಕೈಲಾಸಂ 1946ರಲ್ಲಿ ತೀರಿಕೊಂಡರು. ಆಮೇಲೆ ಅಯ್ಯರ್ ಬರೆದ ಕಾದಂಬರಿ ‘ರೂಪದರ್ಶಿ’. ಬಾಲ ಯೇಸುವಿನ ಚಿತ್ರಕ್ಕೆ ರೂಪದರ್ಶಿಯಾದ ಮುದ್ದು ಹುಡುಗನೇ ವರ್ಷಗಳು ಕಳೆದ ಮೇಲೆ ದ್ರೋಹಿ ಜೂದಾಸನ ಚಿತ್ರಕ್ಕೂ ರೂಪದರ್ಶಿಯಾಗಿ ಸಿಕ್ಕುವ ಕಥೆ. ದೇವತೆಗಳ ಹೊಟ್ಟೆಯನ್ನೇ ಉರಿಸಿದೆ ಅಂದ ಮನುಷ್ಯ, ರೂಪ ಯಾರ ಹತ್ತಿರವೂ ನಿಲ್ಲುವುದಿಲ್ಲ ಎಂಬ ಕಥೆಯನ್ನು ಅಷ್ಟು ಪ್ರೀತಿಯಿಂದ ಬರೆದರಲ್ಲ. ಕಟ್ಟಿಕೊಂಡ ಮೈಯನ್ನು ಅವರು ಕೊಟ್ಟದ್ದು ಹಾಗೆ ಎಂದು ನನ್ನ ಎಣಿಕೆ.

ನನ್ನ ಶೆಡ್ಡಿನ ಹುಡುಗನೊಬ್ಬ ಈ ಸಲ 65 ಕೆ.ಜಿ. ವಿಭಾಗಕ್ಕೆ ತಯಾರಾಗುತ್ತಿದ್ದಾನೆ. ಗೆದ್ದರೆ ಅಮ್ಮನಿಗೆ ಮರಿ ಎಂದು ಹರಕೆ ಹೊತ್ತಿದ್ದಾನೆ. ನಾನು ಅಂದೆ, ‘ಗೆದ್ದರೆ ಅನ್ನೋದು ತೆಗೆದುಬಿಡೋ. ಸೋತರೂ ಕೊಡ್ತೀನಿ ಅನ್ನು, ಅದು ಹರಕೆ.’

ಡಂಬೆಲ್ಸ್ ಕೆಳಗಿಟ್ಟು ಬೆವರು ಒರೆಸಿಕೊಂಡ. ‘ಎರಡು ಕಡೆಯಿಂದಲೂ ಅಮ್ಮನಿಗೇ ಲಾಭ ಆಯ್ತಲ್ಲಣ್ಣಾ,’ ಅಂದ. ‘ನಂಗೇನು, ಮರಿಗೇನು?’

ಮರಿಯ ಹೆಸರನ್ನು ಅವನು ತರುತ್ತಾನೆಂದು ನಾನು ಎಣಿಸಿರಲಿಲ್ಲ. ಅವ್ವನನ್ನು ಕೇಳಿದೆ. ‘ಅವನು ಕೇಳಿದ್ದು ಸರಿಯಾಗೇ ಐತೆ, ನೀನು ಉತ್ರ ಹೇಳು’ ಅಂದು ಸೊಪ್ಪು ಕತ್ತರಿಸಲು ಹೋದಳು.