ಉಣಿಸುವವನ ಪುಣ್ಯ

ಅನ್ನದಾನಕ್ಕಿಂತ ಮಿಗಿಲಾದ ದಾನವಿಲ್ಲವೆಂದು ಕೇಳಿಕೊಂಡು ಬೆಳೆದವರು ನಾವು. ಆದರೆ ಇಕ್ಕಿದ ಅನ್ನ ಉಂಡವನ ಹೊಟ್ಟೆಯಲ್ಲಿ ನಿಲ್ಲದೆ ಹೊರಬಂದರೆ ಪುಣ್ಯ ಯಾರದು, ಪಾಪ ಯಾರದು? ಈ ಪ್ರಶ್ನೆಯನ್ನು ನನ್ನ ಮುಂದಿಟ್ಟದ್ದು ಯಾವ ಧರ್ಮಗ್ರಂಥವೂ ಅಲ್ಲ. ಎರಡು ತಿಂಗಳ ಒಂದು ನಾಯಿಮರಿ.

ಮಗಳು ಬೀದಿಯಿಂದ ಎತ್ತಿಕೊಂಡು ಬಂದ ಮರಿ ಅದು. ತಬ್ಬಲಿ ಕೂಸೆಂದು ಮನೆಮಂದಿಯ ಕರುಳೆಲ್ಲ ಕರಗಿತು. ನನ್ನ ತಾಯಿ ಬಟ್ಟಲ ತುಂಬ ಹಸುವಿನ ಹಾಲೆರೆದರು. ಮಗಳು ಬಿಸ್ಕತ್ತು ಹಾಕಿದಳು. ನಾನೂ ದೋಸೆಯ ಚೂರೊಂದನ್ನು ಎಸೆದು ಪುಣ್ಯದಲ್ಲಿ ಪಾಲುಗಾರನಾದೆ. ಮರಿ ಗಬಗಬನೆ ತಿಂದಿತು. ನೋಡಿದ ನಮಗೇ ಹೊಟ್ಟೆ ತುಂಬಿದಂತಾಯಿತು. ಕಾಲು ಗಂಟೆಯೊಳಗೆ ತಿಂದದ್ದೆಲ್ಲ ಜಮಖಾನದ ಮೇಲಿತ್ತು. "ಪಾಪ, ಹೊಟ್ಟೆ ಬರಿದಾಯಿತಲ್ಲ" ಎಂದು ಮತ್ತೆ ಹಾಲು. ಮತ್ತೆ ಅದೇ ಕಥೆ. ಮೂರನೆಯ ದಿನ ಮರಿ ಮೂಲೆಯಿಂದ ಏಳಲಿಲ್ಲ.

ಪಶುವೈದ್ಯರು ಮದ್ದು ಕೊಡುವ ಮೊದಲು ಪ್ರಶ್ನೆ ಕೇಳಿದರು. ತಿಂದು ಎಷ್ಟು ಹೊತ್ತಿಗೆ ಹೊರಬಂತು? ಹೊಟ್ಟೆ ಹಿಂಡಿ ವಾಂತಿಯಾಯಿತೋ, ತಿಂದದ್ದು ಸುಮ್ಮನೆ ಬಾಯಿಂದ ಜಾರಿತೋ? ಅದರಲ್ಲಿ ರಕ್ತವಿತ್ತೇ, ಹುಳುವಿತ್ತೇ? ಭೇದಿಯಾಗುತ್ತಿದೆಯೇ? ಮೂರು ದಿನ ಕೈಯಾರೆ ಉಣಿಸಿದ ನಮಗೆ ಒಂದಕ್ಕೂ ಉತ್ತರ ತಿಳಿಯದು. ನಾನು ನೋಡಿದ್ದು ಜಮಖಾನವನ್ನು, ಮರಿಯನ್ನಲ್ಲ.

ಅವರು ವಿವರಿಸಿದರು: ಹಸುವಿನ ಹಾಲು ಎಷ್ಟೋ ಮರಿಗಳಿಗೆ ಒಗ್ಗುವುದಿಲ್ಲ. ಜಂತುಹುಳು ಹುಟ್ಟುವ ಮೊದಲೇ ತಾಯಿಯ ಗರ್ಭದಿಂದ, ಆಮೇಲೆ ಮೊಲೆಹಾಲಿನಿಂದ ಬಂದಿರುತ್ತದೆ. ಆತುರಾತುರವಾಗಿ ನುಂಗಿದ್ದೂ ಹೊರಗೆ ಬರುತ್ತದೆ. 1978ರ ಸುಮಾರಿಗೆ ಕಾಣಿಸಿಕೊಂಡ ಪಾರ್ವೋ ಎಂಬ ಮಾರಕ ಸೋಂಕೂ ಮೊದಲು ವಾಂತಿಯಾಗಿಯೇ ತೋರಬಹುದು. ನಮ್ಮ ಮರಿಗೆ ಅದು ತಗಲಿರಲಿಲ್ಲವೆಂಬುದು ನಮ್ಮ ಜಾಣತನವಲ್ಲ, ಅದರ ಅದೃಷ್ಟ. "ಹಾಗಾದರೆ ಒಂದು ದಿನ ಲಂಘನ ಮಾಡಿಸಲೇ?" ಎಂದೆ. "ಅದು ದೊಡ್ಡವರ ಮದ್ದು. ಇಷ್ಟು ಎಳೆಯ ಮರಿಯನ್ನು ಉಪವಾಸ ಕೆಡವಿದರೆ ರಕ್ತದ ಸಕ್ಕರೆ ಇಳಿದು ಪ್ರಾಣಕ್ಕೇ ಬಂದೀತು" ಎಂದರು. ಜಂತಿನ ಮದ್ದು ಕೊಟ್ಟು, ದಿನಕ್ಕೆ ನಾಲ್ಕು ಬಾರಿ ಸ್ವಲ್ಪಸ್ವಲ್ಪವೇ ಮೆತ್ತನೆಯ ಅನ್ನ, ಹೊಟ್ಟೆ ಸರಿಹೋದ ಮೇಲೆ ಬೇಯಿಸಿದ ಮೊಟ್ಟೆ ಎಂದು ಹೇಳಿ ಕಳಿಸಿದರು.

ಮೊಟ್ಟೆ! ನಮ್ಮ ಮನೆಯ ಹೊಸ್ತಿಲು ದಾಟದ ವಸ್ತು. ನಾನು ತಾಯಿಯ ಮುಖ ನೋಡಿದೆ. ಅವರು ಕ್ಷಣಕಾಲ ಸುಮ್ಮನಿದ್ದು, "ಅದರ ಹಸಿವು ಅದರದು, ನಮ್ಮ ಮಡಿ ನಮ್ಮದು. ಹಿತ್ತಿಲಲ್ಲಿ ಒಂದು ಒಲೆ ಹೂಡು" ಎಂದರು. ಕಾವ್ಯಮೀಮಾಂಸೆ ಓದಿದ ಮಗನಿಗಿಂತ ಧರ್ಮಸೂಕ್ಷ್ಮ ಅವರಿಗೇ ಬೇಗ ಹೊಳೆಯಿತು.

ಭಾವ ಶುದ್ಧವಾಗಿದ್ದರೆ ಸಾಲದೇ ಎಂದು ಓದುಗರು ಕೇಳಬಹುದು. ಮಾತು ಬಲ್ಲವರ ನಡುವೆ ಬಹುಶಃ ಸಾಕು. ಪಂಕ್ತಿಯಲ್ಲಿ ಕುಳಿತ ಅತಿಥಿ ಸಾಕೆನಿಸಿದಾಗ ಎಲೆಗೆ ಕೈ ಅಡ್ಡ ಹಿಡಿಯುತ್ತಾನೆ. ಬಡಿಸುವವನ ತಪ್ಪು ಅಲ್ಲಿಯೇ ತಿದ್ದಿಹೋಗುತ್ತದೆ. ಮೂಕಪ್ರಾಣಿಗೆ ಅಡ್ಡ ಹಿಡಿಯಲು ಕೈಯಿಲ್ಲ. ಅದರ ವಾಂತಿಯೇ ಅದು ಹಿಡಿದ ಕೈ. ಅದನ್ನು ಓದಲಾರದೆ ಮತ್ತೆ ಬಡಿಸಿದರೆ, ನಾವು ತಣಿಸುತ್ತಿರುವುದು ಅದರ ಹಸಿವನ್ನಲ್ಲ, ಕೊಡಬೇಕೆಂಬ ನಮ್ಮದೇ ಹಸಿವನ್ನು. ತರಗತಿಯಲ್ಲಿ ನಾನು ಒಂದೇ ಗಂಟೆಗೆ ಸುರಿದ ವಿದ್ಯೆ ಅರಗದೆ ಉತ್ತರಪತ್ರಿಕೆಯಲ್ಲಿ ಹಾಗೆಯೇ ಹೊರಬಂದಾಗ, ಎಷ್ಟು ವರ್ಷ ಹುಡುಗರನ್ನೇ ಬೈದಿದ್ದೇನೆ!

ಕರಗುವುದು ದಯೆಯ ಅರ್ಧ ಮಾತ್ರ. ಕಣ್ಣಿಟ್ಟು ನೋಡುವುದು ಇನ್ನರ್ಧ. ಮರಿ ಈಗ ಚೇತರಿಸಿಕೊಂಡಿದೆ. ಬಟ್ಟಲಿಟ್ಟ ಮೇಲೆ ನಾನು ಎದ್ದುಹೋಗುವುದಿಲ್ಲ; ಅದು ತಿಂದು, ಬಾಯಿ ನೆಕ್ಕಿಕೊಂಡು ಮಲಗುವವರೆಗೂ ಪಕ್ಕದಲ್ಲಿ ಕುಳಿತಿರುತ್ತೇನೆ.