ಇಂದಿನ ಧಮ್ಮ ಚಿಂತನೆ: ಸೂರು ಮತ್ತು ಸಭೆ





ಮೊನ್ನೆ ಕೊಟ್ಟೂರಿನಲ್ಲಿ ನಮ್ಮ ಹುಡುಗನೊಬ್ಬನಿಗೆ ಬಾಡಿಗೆ ಮನೆ ನೋಡಲು ಹೋಗಿದ್ದೆ. ಅಡ್ವಾನ್ಸ್ ಮಾತೂ ಮುಗಿದಿತ್ತು. ಆಮೇಲೆ ಮನೆಯೊಡತಿ, “ನೀವು ಯಾರ ಪೈಕಿ?” ಅಂದರು. “ಬೌದ್ಧರು, ಅಮ್ಮಾ.” “ಅದಲ್ಲಪ್ಪಾ, ಅದಕ್ಕಿಂತ ಮುಂಚೆ?”

ಸಂಜೆ ಫೋನ್ ಬಂತು. ಮನೆ ಅವರ ಸಂಬಂಧಿಕರಿಗೆ ಬೇಕಂತೆ.

1917ರಲ್ಲಿ ಬಾಬಾಸಾಹೇಬರಿಗೆ ಬರೋಡದಲ್ಲಿ ಆದದ್ದೂ ಇದೇ. ಅಮೆರಿಕ, ಇಂಗ್ಲೆಂಡಿನಲ್ಲಿ ಓದಿ ಬಂದವರು ಪಾರ್ಸಿ ಹೆಸರಿನಲ್ಲಿ ಪಾರ್ಸಿ ಛತ್ರದಲ್ಲಿ ಉಳಿಯಬೇಕಾಯಿತು. ಹನ್ನೊಂದನೇ ದಿನ ದೊಣ್ಣೆ ಹಿಡಿದವರು ಬಂದು ಖಾಲಿ ಮಾಡು ಎಂದರು. ಇಬ್ಬರು ಸ್ನೇಹಿತರೂ ನೆಪ ಹೇಳಿದರು. ಅವರು ಉದ್ಯಾನದಲ್ಲಿ ಕೂತಿದ್ದು, ರಾತ್ರಿ ಮುಂಬೈ ರೈಲು ಹತ್ತಿದರು.

ಈಗ ನನ್ನದೊಂದು ತಪ್ಪು ಹೇಳಬೇಕು. ಹಡಗಲಿ ಕಡೆಯ ನಮ್ಮ ಕೇರಿ ಇರುವುದು ಒಬ್ಬ ದೊಡ್ಡ ರೈತರ ಪಟ್ಟಾ ಜಮೀನಿನ ಅಂಚಿನಲ್ಲಿ. ಅಪ್ಪ ಅವರ ಹೊಲದಲ್ಲಿ ದುಡಿದವರು, ಅವರೇ ಕೊಟ್ಟ ಜಾಗದಲ್ಲಿ ಗುಡಿಸಲು ಹಾಕಿದವರು. ಕಾಗದ ಅಂತ ಒಂದೂ ಇಲ್ಲ. ಈಗ ಅವರ ಮಕ್ಕಳಿಗೆ ಅಲ್ಲಿ ಲೇಔಟ್ ಆಗಬೇಕು. ಸುದ್ದಿ ತಿಳಿದ ವಾರದಲ್ಲೇ ನಮ್ಮವರು ಒಬ್ಬೊಬ್ಬರಾಗಿ ಅವರ ಮನೆಗೆ ಹೋದರು. ಒಬ್ಬ ಕಾಲಿಗೆ ಬಿದ್ದ, ಒಬ್ಬ ನಾಟಿ ಕೋಳಿ ಒಯ್ದ. ನಾನೂ ಕತ್ತಲಾದ ಮೇಲೆ ಹೋಗಿ, “ಗೌಡ್ರೇ, ನಮ್ಮದೊಂದು ಮನೆ ಬಿಟ್ಟುಬಿಡ್ರಿ” ಎಂದೆ. ಪಂಚಶೀಲ ಹೇಳುವ ಬಾಯಲ್ಲೇ!

ಅಜಾತಶತ್ರು ವಜ್ಜಿಗಳ ಮೇಲೆ ಯುದ್ಧ ಹೂಡುವ ಮುಂಚೆ ಮಂತ್ರಿ ವಸ್ಸಕಾರನನ್ನು ಭಗವಾನರ ಬಳಿ ಕಳಿಸಿದ. ಭಗವಾನರು ಅವನಿಗೆ ನೇರ ಉತ್ತರ ಕೊಡಲಿಲ್ಲ. ಪಕ್ಕದಲ್ಲಿ ಬೀಸಣಿಗೆ ಬೀಸುತ್ತಿದ್ದ ಆನಂದರನ್ನು ಕೇಳಿದರು: ವಜ್ಜಿಗಳು ಆಗಾಗ ಸಭೆ ಸೇರುತ್ತಾರಾ? ಒಟ್ಟಿಗೆ ಕೂತು ಒಟ್ಟಿಗೆ ಏಳುತ್ತಾರಾ? ಅಂಥವರನ್ನು ಯುದ್ಧದಿಂದ ಗೆಲ್ಲಲಾಗದು, ಒಡಕು ಹುಟ್ಟಿಸಿದರೆ ಮಾತ್ರ ಎಂಬುದು ವಸ್ಸಕಾರನಿಗೇ ಹೊಳೆಯಿತು. ನಮ್ಮ ಕೇರಿಯಲ್ಲಿ ಆ ಕೆಲಸಕ್ಕೆ ಮಂತ್ರಿ ಬೇಕಿರಲಿಲ್ಲ, ನಾನೇ ಸಾಕಾಗಿದ್ದೆ.

ಇದನ್ನು ಸಭೆಯಲ್ಲಿ ಒಪ್ಪಿಕೊಂಡೆ. ಒಬ್ಬ ಅಕ್ಕ ಬೈದರು. ಬೈದ ಮೇಲೆ ತಮ್ಮ ಮನೆಯ ಹಳೇ ಕರೆಂಟ್ ಬಿಲ್ಲುಗಳ ಗಂಟು ತಂದು ನನ್ನ ಮುಂದೆ ಇಟ್ಟರು. ಕೆಲಸ ಶುರುವಾದದ್ದು ಆಗ.

“ಉಳುವವನೇ ಒಡೆಯ” ಎಂಬ 1974ರ ತಿದ್ದುಪಡಿ ನಿಮಗೆ ಗೊತ್ತು. ಅದೇ ಭೂಸುಧಾರಣಾ ಕಾಯ್ದೆಗೆ ಆಮೇಲೆ 38ಎ ಕಲಂ ಸೇರಿತು, “ವಾಸಿಸುವವನೇ ಮನೆಯ ಒಡೆಯ” ಎಂದು. ಖಾಸಗಿ ಜಮೀನಿನಲ್ಲಿರುವ ದಾಖಲೆಯಿಲ್ಲದ ತಾಂಡಾ, ಹಟ್ಟಿ, ಕಾಲೋನಿಗಳಿಗೆ ಅದು. ಸರ್ಕಾರಿ ಜಾಗದ ಮನೆಗಳಿಗೆ ಹಳ್ಳಿಯಲ್ಲಿ 94ಸಿ, ಪಟ್ಟಣದಲ್ಲಿ 94ಸಿಸಿ. ಎರಡೂ ಬೇರೆ, ಬೆರೆಸಬೇಡಿ. ರೇಷನ್ ಕಾರ್ಡು, ಮತದಾರರ ಪಟ್ಟಿ, ಮಕ್ಕಳ ಶಾಲಾ ದಾಖಲಾತಿ ಎಲ್ಲ ಜೋಡಿಸಿ, ಕೇರಿಯವರೆಲ್ಲ ಒಂದೇ ದಿನ ತಾಲ್ಲೂಕು ಕಚೇರಿಗೆ ಹೋಗಿ ಅರ್ಜಿ ಕೊಟ್ಟೆವು. ಕೋಳಿ ಒಯ್ದವನೂ ಬಂದಿದ್ದ.

ಸರ್ವೆಯವರು ಇನ್ನೂ ಬಂದಿಲ್ಲ. ಭಾನುವಾರ ಸಂಜೆ ವಂದನೆಯಾದ ಮೇಲೆ ಮತ್ತೆ ಕೂರುತ್ತೇವೆ. ಕೂಡ್ಲಿಗಿ, ಹರಪನಹಳ್ಳಿ, ಹಗರಿಬೊಮ್ಮನಹಳ್ಳಿ ಕಡೆಯ ಬಂಧುಗಳು ತಮ್ಮ ಕೇರಿಯ ಕಾಗದಗಳನ್ನೂ ತನ್ನಿ. ಜೆರಾಕ್ಸ್ ತನ್ನಿ, ಅಸಲು ಮನೆಯಲ್ಲೇ ಇರಲಿ.

ಭವತು ಸಬ್ಬ ಮಂಗಲಂ 🙏