ಸೋಮವಾರದ ಸೋಮಾರಿ

ಕಳೆದ ಬೇಸಿಗೆಯಲ್ಲಿ ಮಗಳು ಒಂದು ತಿಂಗಳು ರಜೆ ಹಾಕಿ ದಾವಣಗೆರೆಗೆ ಬಂದಳು. ತವರಿನ ಮಾವಿನಹಣ್ಣಿನ ಆಸೆಗಲ್ಲ, ಪರೀಕ್ಷೆಗೆ ಓದಲಿಕ್ಕೆ. ಮದುವೆಯಾದ ಮಗಳಿಗೆ ಇನ್ನೆಂಥ ಪರೀಕ್ಷೆ ಎಂದು ಕೇಳಿದ ಪಕ್ಕದ ಮನೆಯವರಿಗೆ ನಾನು ‘ಇಂಡಸ್ಟ್ರಿಯಲ್ ಹೈಜೀನ್’ ಎಂದೆ. ‘ಓ, ಫ್ಯಾಕ್ಟರಿ ಕ್ಲೀನಿಂಗಾ?’ ಎಂದರು. ಅವರನ್ನು ದೂರುವ ಹಾಗಿಲ್ಲ. ಹೈಜೀನ್ ಎಂದರೆ ಊಟಕ್ಕೆ ಮೊದಲು ಕೈ ತೊಳೆಯುವುದು, ಉಗುರು ಕತ್ತರಿಸುವುದು ಎಂದು ನಾನೇ ಪ್ರೈಮರಿ ಶಾಲೆಯಲ್ಲಿ ಮೂವತ್ತು ವರ್ಷ ಕಲಿಸಿದವಳು.

ಇವಳ ಹೈಜೀನ್ ಬೇರೆ. ದುಡಿಯುವ ಜಾಗದಲ್ಲಿ ಧೂಳು, ಹೊಗೆ, ಸದ್ದು, ಶಾಖ ಎಷ್ಟಿದೆ ಎಂದು ಅಳೆಯಬೇಕು, ಅದು ಮೈಗೆ ಏನು ಮಾಡುತ್ತದೆಂದು ತಿಳಿಯಬೇಕು, ತಡೆಯಬೇಕು. ಈ ಕೆಲಸ ಬಲ್ಲವರೆಂದು ಅಮೆರಿಕದ ಒಂದು ಮಂಡಳಿ ಸರ್ಟಿಫಿಕೇಟ್ ಕೊಡುತ್ತದೆ. ಅದಕ್ಕೆ 180 ಪ್ರಶ್ನೆಗಳ, ಐದು ಗಂಟೆಯ ಪರೀಕ್ಷೆ. ಒಂದೊಂದು ಪ್ರಶ್ನೆಗೂ ಉತ್ತರಗಳನ್ನು ಅವರೇ ಕೊಟ್ಟಿರುತ್ತಾರೆ, ಸರಿಯಾದದ್ದನ್ನು ಆರಿಸಿದರಾಯಿತು. ‘ಹಾಗಾದರೆ ಸುಲಭವಲ್ಲವೇ?’ ಎಂದು ಕೇಳಿ ಮಗಳಿಂದ ಒಂದು ನೋಟ ಗಳಿಸಿಕೊಂಡೆ.

ಅವಳು ನೂರಾರು ಕಾರ್ಡು ಮಾಡಿಕೊಂಡಿದ್ದಳು. ಒಂದು ಬದಿಗೆ ಪ್ರಶ್ನೆ, ಹಿಂಬದಿಗೆ ಉತ್ತರ. ರಾತ್ರಿ ಊಟವಾದ ಮೇಲೆ ಪ್ರಶ್ನೆ ಕೇಳುವ ಕೆಲಸ ನನ್ನದು. ನಿವೃತ್ತಳಾದ ಟೀಚರಿಗೆ ಇದಕ್ಕಿಂತ ಸುಖದ ಕೆಲಸ ಬೇಕೆ? ನಾನು ಕಾರ್ಡು ಹಿಡಿದು ಕುರ್ಚಿಯಲ್ಲಿ, ಅವಳು ನೆಲದ ಮೇಲೆ ಕಾಲು ಚಾಚಿಕೊಂಡು, ಎಂಬತ್ತೆರಡು ವರ್ಷದ ನಮ್ಮವ್ವ ದಿವಾನದ ಮೇಲೆ ಮಲಗಿ ನಿದ್ದೆ ಬಂದವಳ ಹಾಗೆ ಕಣ್ಣು ಮುಚ್ಚಿಕೊಂಡು.

ಮೊದಮೊದಲು ಅರ್ಥವಾಗದಿದ್ದರೂ ಕೇಳುತ್ತಾ ಹೋದೆ. ಆಮೇಲೆ ಅಷ್ಟಿಷ್ಟು ತಿಳಿಯತೊಡಗಿತು. ಕೆಲಸಗಾರನ ಸೊಂಟಕ್ಕೆ ಒಂದು ಪುಟ್ಟ ಪಂಪು ಕಟ್ಟಿ, ಕೊರಳಪಟ್ಟಿಯ ಹತ್ತಿರ ಒಂದು ಫಿಲ್ಟರು ಸಿಕ್ಕಿಸುತ್ತಾರಂತೆ. ದಿನವಿಡೀ ಅವನು ಉಸಿರಾಡುವ ಗಾಳಿಯನ್ನೇ ಅದೂ ಎಳೆದುಕೊಳ್ಳುತ್ತದೆ. ಸಂಜೆ ಫಿಲ್ಟರನ್ನು ತೂಗಿದರೆ, ಬೆಳಗಿನ ತೂಕಕ್ಕಿಂತ ಎಷ್ಟು ಹೆಚ್ಚಿದೆಯೋ ಅಷ್ಟು ಧೂಳು. ಎಂಟು ಗಂಟೆಗೆ ಅದರ ಸರಾಸರಿ ತೆಗೆದು, ಪುಸ್ತಕದಲ್ಲಿರುವ ಮಿತಿಯ ಜೊತೆ ಹೋಲಿಸಬೇಕು. ಎಂಟು ಗಂಟೆಗೆ ಬದಲು ಹನ್ನೆರಡು ಗಂಟೆ ದುಡಿಸಿದರೆ ಒಂದು ಲೆಕ್ಕದ ಪ್ರಕಾರ ಆ ಮಿತಿ ಅರ್ಧಕ್ಕೆ ಇಳಿಯಬೇಕು. ಧೂಳು ಕುಡಿಯುವ ಹೊತ್ತು ಹೆಚ್ಚಿತು, ಮೈ ಅದನ್ನು ಹೊರಹಾಕಿ ಸುಧಾರಿಸಿಕೊಳ್ಳುವ ಹೊತ್ತು ಕಡಿಮೆಯಾಯಿತು ಎಂಬುದು ಅದರ ತರ್ಕ. ನಮ್ಮಪ್ಪ ಡಬಲ್ ಷಿಫ್ಟ್ ಮಾಡಿ ಬಂದ ದಿನಗಳು ನೆನಪಾದವು. ಆ ದಿನ ಅವ್ವ ಖುಷಿಯಾಗಿರುತ್ತಿದ್ದಳು, ದುಡ್ಡು ಜಾಸ್ತಿ.

ಆ ಮಿತಿ ಎಂಬ ಮಾತಿನ ಅರ್ಥ ಬರೆದಿದ್ದ ಕಾರ್ಡಿನ ಹತ್ತಿರ ನಾನು ತಡೆದೆ. ಅಮೆರಿಕದ ತಜ್ಞರ ಸಂಘವೊಂದು 1946ರಿಂದ ಇಂಥ ಮಿತಿಗಳ ಪಟ್ಟಿ ಹೊರಡಿಸುತ್ತಾ ಬಂದಿದೆ. ದಿನಾ ದಿನಾ, ದುಡಿಮೆಯ ಆಯುಷ್ಯವಿಡೀ ಇಷ್ಟನ್ನು ಉಸಿರಾಡಿದರೂ ‘ಬಹುತೇಕ ಎಲ್ಲ’ ಕೆಲಸಗಾರರ ಆರೋಗ್ಯಕ್ಕೆ ಬಾಧೆಯಿಲ್ಲ ಎಂದು ನಂಬಬಹುದಾದ ಮಟ್ಟವೇ ಮಿತಿ.

‘ಬಹುತೇಕ ಅಂದರೆ? ಉಳಿದವರು?’ ಎಂದೆ.

‘ಕೆಲವರ ಮೈ ಅದಕ್ಕಿಂತ ಕಡಿಮೆಗೇ ಸೋಲುತ್ತೆ ಅಮ್ಮ. ಎಲ್ಲರ ಮೈ ಒಂದೇ ಥರ ಇರಲ್ಲವಲ್ಲ. ಇದು ಸುರಕ್ಷಿತ, ಇದು ಅಪಾಯ ಅಂತ ಕೊಯ್ದು ಹಾಕಿದ ಗೆರೆಯಲ್ಲ ಇದು ಅಂತ ಆ ಪಟ್ಟಿ ಮಾಡಿದವರೇ ಹೇಳ್ತಾರೆ. ಮುಂದಿನದು ಕೇಳು.’

ಮುಂದಿನದು ಕೇಳಿದೆ. ಆದರೆ ಆ ‘ಬಹುತೇಕ’ ಹಲ್ಲಿಗೆ ಸಿಕ್ಕಿದ ಕಲ್ಲಿನ ಹಾಗೆ ಉಳಿಯಿತು. ಸಾರಿಗೆ ಉಪ್ಪು ಹಾಕುವಾಗ ನಾವೂ ಬಹುತೇಕ ಎಲ್ಲರ ನಾಲಗೆಗೆ ಹಿಡಿಸುವಷ್ಟೇ ಹಾಕುತ್ತೇವೆ. ಮನೆಯಲ್ಲಿ ಬಿ.ಪಿ. ಇರುವವರೊಬ್ಬರಿದ್ದರೆ ಮೊದಲು ಅವರಿಗೆಂದು ಬೇರೆ ಪಾತ್ರೆಯಲ್ಲಿ ತೆಗೆದಿಡುತ್ತೇವೆ. ಗಿರಣಿಯಲ್ಲಿ ಗಾಳಿಯನ್ನು ಹಾಗೆ ಬೇರೆ ತೆಗೆದಿಡುವವರು ಯಾರು?

ಮೂರ್ನಾಲ್ಕು ದಿನ ಕಳೆದು ಆ ಇನ್ನೊಂದು ಕಾರ್ಡು ಬಂತು. ‘ರಜೆಯ ಮರುದಿನ, ವಾರದ ಮೊದಲ ಕೆಲಸದ ದಿನ ಎದೆ ಬಿಗಿಯುವುದು ಯಾವ ರೋಗದ ಲಕ್ಷಣ?’ ಮಗಳು ಥಟ್ಟನೆ ‘ಬಿಸ್ಸಿನೋಸಿಸ್, ಹತ್ತಿಯ ಧೂಳು’ ಎಂದಳು. ಸರಿಯೋ ತಪ್ಪೋ ಹೇಳಲು ನಾನು ಕಾರ್ಡು ತಿರುಗಿಸಬೇಕಿತ್ತು. ತಿರುಗಿಸಲಿಲ್ಲ.

ನಮ್ಮಪ್ಪ ಈ ಊರಿನ ಒಂದು ಹತ್ತಿ ಗಿರಣಿಯಲ್ಲಿ ಬ್ಲೋರೂಮಿನ ಕೆಲಸಗಾರ. ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎಂದು ಕರೆಯುತ್ತಿದ್ದ ಕಾಲ. ಗಿರಣಿಯ ಕೂಗು ಕೇಳಿ ಹೆಂಗಸರು ಒಲೆಗೆ ಅನ್ನ ಇಡುತ್ತಿದ್ದರು. ಬ್ಲೋರೂಮೆಂದರೆ ಹತ್ತಿಯ ಬೇಲುಗಳನ್ನು ಬಿಚ್ಚಿ, ಬಡಿದು, ಬಿಡಿಸುವ ಜಾಗ. ಹತ್ತಿಯ ಜೊತೆ ಬಂದ ಎಲೆಚೂರು, ಸಿಪ್ಪೆ, ಮಣ್ಣು ಎಲ್ಲ ಅಲ್ಲೇ ಮೊದಲು ಗಾಳಿಗೆ ಏಳುವುದು. ಅಪ್ಪ ಮನೆಗೆ ಬಂದಾಗ ಹುಬ್ಬಿಗೆಲ್ಲ ಅರಳೆ ಅಂಟಿ ಮುದುಕನ ಹಾಗೆ ಕಾಣುತ್ತಿದ್ದ. ನಾವು ಮಕ್ಕಳು ಅದನ್ನು ಹೆಕ್ಕಿ ಊದಿ ಹಾರಿಸುತ್ತಿದ್ದೆವು.

ಭಾನುವಾರ ರಜೆ. ಸಂಜೆಗೆ ಮಂಡಕ್ಕಿ, ಮೆಣಸಿನಕಾಯಿ ಬೋಂಡ ತಂದು ನಮ್ಮೊಡನೆ ನಗುತ್ತಾ ಕೂತವನು ಸೋಮವಾರ ಮಧ್ಯಾಹ್ನದ ಹೊತ್ತಿಗೆ ಎದೆ ಹಿಡಿದುಕೊಂಡು ಬರುತ್ತಿದ್ದ. ಎದೆಯ ಮೇಲೆ ಬೇಲು ಇಟ್ಟಂತಾಗುತ್ತದೆ ಎನ್ನುತ್ತಿದ್ದ. ಮಂಗಳವಾರ ಕಡಿಮೆ, ಬುಧವಾರ ಏನೂ ಇಲ್ಲ. ವರ್ಷಗಳು ಕಳೆದಂತೆ ಒಂದೊಂದು ಸೋಮವಾರ ಹೋಗುವುದನ್ನೇ ಬಿಟ್ಟ. ಬುಧವಾರ ಬೇಲು ಎತ್ತುವ ಮನುಷ್ಯನಿಗೆ ಸೋಮವಾರ ಮಾತ್ರ ಬರುವ ಕಾಯಿಲೆ ಎಂಥದು? ಡಾಕ್ಟರು ಎಕ್ಸ್-ರೇ ತೆಗೆಸಿ, ಏನೂ ಇಲ್ಲ ಎಂದರು. ಭಾನುವಾರ ಕುಡಿಯುತ್ತಾನೆಂದು ನೆರೆಯವರು ಅಂದರು. ಕುಡಿಯುತ್ತಿರಲಿಲ್ಲ.

1976ರಲ್ಲಿ, ನನಗೆ ಹದಿಮೂರು ವರ್ಷ. ಶಾಲೆಯ ಫೀಜು ಕಟ್ಟುವ ಕಡೆಯ ದಿನ ದಾಟಿತ್ತು, ಅಪ್ಪ ಚಾಪೆಯ ಮೇಲೆ ಮಲಗಿದ್ದ. ನಾನು ಎಲ್ಲರೆದುರಿಗೆ, ‘ಸೋಮವಾರ ಬಂದರೆ ನಮ್ಮಪ್ಪ ಸೋಮಾರಿ’ ಎಂದೆ. ಚೆನ್ನಾಗಿ ಹೇಳಿದೆನೆಂದು ಮನೆಗೆ ಬಂದ ನೆಂಟರೆಲ್ಲ ನಕ್ಕರು. ಅಪ್ಪನೂ ನಕ್ಕ, ನಗಲು ಹೋಗಿ ಕೆಮ್ಮಿದ. ಆ ಮಾತು ಮನೆಯಲ್ಲಿ ನಿಂತುಹೋಯಿತು. ಅಪ್ಪ 1989ರಲ್ಲಿ ತೀರಿಕೊಂಡ. ಆ ಹೊತ್ತಿಗೆ ವಾರದ ಏಳು ದಿನವೂ ಅವನಿಗೆ ಸೋಮವಾರವೇ ಆಗಿತ್ತು.

ನಡುಗುವ ದನಿಯಲ್ಲಿ ಮಗಳನ್ನು ಕೇಳಿ ತಿಳಿದುಕೊಂಡೆ. ದುಡಿಯುವ ದಿನಗಳಲ್ಲಿ ಮೈ ಒಂದು ಬಗೆಯಲ್ಲಿ ಹೊಂದಿಕೊಂಡಿರುತ್ತದೆ; ಒಂದು ದಿನ ಬಿಟ್ಟು ಮತ್ತೆ ಧೂಳಿಗೆ ಹೋದಾಗ ಸಿಟ್ಟಿಗೆದ್ದಂತೆ ಬಿಗಿಯುತ್ತದೆ. ಎಕ್ಸ್-ರೇಯಲ್ಲಿ ಈ ರೋಗದ ಗುರುತು ಮೂಡುವುದಿಲ್ಲ. ಇಂಗ್ಲೆಂಡಿನ ಲ್ಯಾಂಕಶೈರಿನಲ್ಲಿ ಶಿಲ್ಲಿಂಗ್ ಎಂಬ ವೈದ್ಯರು 1950ರ ದಶಕದಲ್ಲೇ ಗಿರಣಿ ಕೆಲಸಗಾರರನ್ನು ಎದೆ ಬಿಗಿಯುವುದುಂಟೇ, ವಾರದ ಯಾವ ದಿನ ಎಂದು ಕೇಳಿ, ರೋಗಕ್ಕೆ ಮೆಟ್ಟಿಲುಗಳನ್ನು ಗೊತ್ತುಮಾಡಿದರು. ಯಾವಾಗಲಾದರೂ ಒಂದು ಸೋಮವಾರ, ಪ್ರತಿ ಸೋಮವಾರ, ಸೋಮವಾರದ ಜೊತೆಗೆ ಬೇರೆ ದಿನಗಳೂ, ಕೊನೆಗೆ ಮತ್ತೆಂದೂ ಸರಿಹೋಗದ ಉಸಿರು. ಅಪ್ಪ ಆ ಮೆಟ್ಟಿಲುಗಳನ್ನು ಒಂದೂ ಬಿಡದೆ ಇಳಿದಿದ್ದ. ನಮ್ಮ ದೇಶದ ಕಾನೂನಿನಲ್ಲೂ ಪರಿಹಾರ ಕೊಡಬೇಕಾದ ರೋಗಗಳ ಪಟ್ಟಿಯಲ್ಲಿ ಹತ್ತಿ ಧೂಳಿನ ರೋಗ ಇದೆಯಂತೆ.

ಗೊತ್ತಿಲ್ಲದೆ ಆಡಿದ ಮಾತಿಗೆ ಪಾಪ ಉಂಟೇ? ಹದಿಮೂರರ ಹುಡುಗಿಗೆ ಏನು ತಿಳಿಯುತ್ತದೆ ಎಂದು ನೀವು ಅನ್ನಬಹುದು. ನಾನೂ ಹಾಗೆಂದು ಸಮಾಧಾನ ಮಾಡಿಕೊಳ್ಳಲು ನೋಡಿದೆ. ಆದರೆ ನನ್ನ ಮಾತು ಎಲ್ಲಿಂದ ಹುಟ್ಟಿತೆಂದು ಯೋಚಿಸಿದರೆ ಆ ‘ಬಹುತೇಕ’ವೇ ಎದುರಿಗೆ ಬಂದು ನಿಲ್ಲುತ್ತದೆ. ಬ್ಲೋರೂಮಿನಲ್ಲಿ ಬೇರೆಯವರೂ ಇದ್ದರು, ಅವರೆಲ್ಲ ಸೋಮವಾರ ಹೋಗುತ್ತಿದ್ದರು. ಬಹುತೇಕ ಎಲ್ಲರೂ ತಡೆದುಕೊಳ್ಳುತ್ತಾರೆಂದ ಮೇಲೆ ತಡೆದುಕೊಳ್ಳಲಾಗದವನು ಸೋಮಾರಿಯಾಗಲೇಬೇಕಲ್ಲ! ಹೆಚ್ಚಿನವರು ತಾಳಿದ್ದನ್ನು ಅಳತೆಗೋಲು ಮಾಡಿಕೊಂಡು ಸೋತವನನ್ನೇ ಅಳೆಯುವುದು ಗಿರಣಿಯವರಷ್ಟೇ ಕಲಿತ ವಿದ್ಯೆಯಲ್ಲ. ಎಲ್ಲ ಸೊಸೆಯರೂ ಹೊಂದಿಕೊಂಡರು, ನಿನಗೇನು? ಎಲ್ಲರೂ ಹೆತ್ತು ಹದಿನೈದು ದಿನಕ್ಕೆ ಎದ್ದರು, ನಿನಗೇನು? ಈ ಮಾತನ್ನು ಕೇಳದ ಹೆಂಗಸುಂಟೇ, ಆಡದ ಹೆಂಗಸುಂಟೇ?

ಮಿತಿ ಹಾಕುವವರನ್ನು ಬೈಯಲಾರೆ. ಅಮೆರಿಕದಲ್ಲಿ 1978ರಲ್ಲಿ ನೂಲುವ ಗಿರಣಿಗಳಿಗೆ, ಘನ ಮೀಟರ್ ಗಾಳಿಗೆ 0.2 ಮಿಲಿಗ್ರಾಂ ಹತ್ತಿ ಧೂಳು ಎಂಬ ಮಿತಿ ತಂದಾಗ, ಖರ್ಚಿಗೆ ತಕ್ಕ ಲಾಭವಿದೆಯೇ ಎಂದು ಮೊದಲು ತೂಗಿ ನೋಡಬೇಕೆಂದು ಗಿರಣಿಯವರು ನ್ಯಾಯಾಲಯಕ್ಕೆ ಹೋದರು. 1981ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಸಾಧ್ಯವಿರುವಷ್ಟು ಕಾಪಾಡಬೇಕೆಂದು ಕಾನೂನು ಹೇಳಿದ ಮೇಲೆ ಆ ತಕ್ಕಡಿ ಬೇಕಿಲ್ಲ ಎಂದಿತು. ಆ ಮಿತಿಯಲ್ಲೂ ಕೆಲವರಿಗೆ ಎದೆ ಬಿಗಿಯುತ್ತದೆಂದು ಹಾಕಿದವರಿಗೆ ಗೊತ್ತಿತ್ತು. ಆದರೂ ಸಂಖ್ಯೆ ಇಲ್ಲದಿದ್ದರೆ ಧೂಳಿಗೆ ಲಗಾಮೇ ಇಲ್ಲ. ಮಗಳು ಓದುತ್ತಿರುವುದು ಆ ಲಗಾಮು ಹಿಡಿಯುವುದನ್ನು. ನನ್ನ ತಕರಾರು ಸಂಖ್ಯೆಯ ಮೇಲಲ್ಲ. ಸಂಖ್ಯೆಯೊಳಗೆ ಹಿಡಿಸದೆ ಹೊರಗುಳಿದವನನ್ನು ನಾವು ಯಾವ ಹೆಸರಿನಿಂದ ಕರೆಯುತ್ತೇವೆ ಎಂಬುದರ ಮೇಲೆ.

ಅವ್ವನಿಗೆ ಹೇಳಬೇಕೋ ಬೇಡವೋ ಎಂದು ನಾಲ್ಕು ದಿನ ಒದ್ದಾಡಿದೆ. ಈ ವಯಸ್ಸಿನಲ್ಲಿ, ನಿನ್ನ ಗಂಡ ಸೋಮಾರಿಯಾಗಿರಲಿಲ್ಲ ಎಂದು ಹೇಳುವುದು ಸಾಂತ್ವನವೋ ಶಿಕ್ಷೆಯೋ? ಹೇಳದಿದ್ದರೆ ಅಪ್ಪನಿಗೆ ಮತ್ತೊಮ್ಮೆ ಅನ್ಯಾಯ. ಅವಳಿಗೂ ಕೆಮ್ಮಿದೆ, ಮೂವತ್ತು ವರ್ಷ ಊದುಗೊಳವೆ ಊದಿದ ಕೆಮ್ಮು. ಅದನ್ನು ಯಾರೂ ಸೋಮಾರಿತನ ಅನ್ನಲಿಲ್ಲ. ಅವಳಿಗೆ ಭಾನುವಾರವೇ ಇರಲಿಲ್ಲ, ಆದ್ದರಿಂದ ಸೋಮವಾರವೂ ಇರಲಿಲ್ಲ. ಮಗಳ ಕಾರ್ಡುಗಳಲ್ಲಿ ಅಡಿಗೆಮನೆ ಎಲ್ಲೂ ಬರಲಿಲ್ಲ ಎಂಬುದನ್ನು ಇಲ್ಲಿ ಹೇಳಿಬಿಡುತ್ತೇನೆ.

ಕಡೆಗೆ ಒಂದು ಮಧ್ಯಾಹ್ನ ಅವ್ವ ಹುರುಳಿಕಾಯಿ ಮುರಿಯುತ್ತಾ ಕೂತಿದ್ದಾಗ ಹೇಳಿದೆ. ಅವಳ ಕೈ ನಿಲ್ಲಲಿಲ್ಲ.

‘ಹತ್ತಿಯಿಂದಾನೇ ಅಂತ ನಂಗೊತ್ತಿತ್ತು ಕಣವ್ವ’ ಎಂದಳು. ‘ಆ ಅಂಗಿ ಒಗೆಯೋಳು ನಾನಲ್ಲೇನು? ನೀರಿಗೆ ಹಾಕೋ ಮೊದಲು ಒದರಿದ್ರೆ ನಂಗೇ ಉಸಿರು ಕಟ್ಟೋದು.’

‘ಮತ್ತೆ ಸೋಮಾರಿ ಅಂತ ನೀನೂ ಅಂತಿದ್ದೆಯಲ್ಲ?’

‘ಇನ್ನೇನನ್ನಲಿ? ಹೋಗ್ಬ್ಯಾಡ್ರಿ ಅನ್ನಾಕೆ ಆಗ್ತಿತ್ತೇನು? ನಾಲ್ಕು ಮಕ್ಳು. ಸೋಮಾರಿ ಅಂದ್ರೆ ರೋಷ ಬಂದು ಎದ್ದು ಹೋಗೋರು. ಕಾಯಿಲೆ ಅಂದಿದ್ರೆ ನಾನೇ ಕಳಿಸ್ತಿರಲಿಲ್ಲ.’

ನಾನು ಸುಮ್ಮನೆ ಕೂತೆ. ಒಳಗೆ ಮಗಳು ತನಗೆ ತಾನೇ ಏನೋ ಸೂತ್ರ ಹೇಳಿಕೊಳ್ಳುತ್ತಿದ್ದಳು. ಅವ್ವ ಸ್ವಲ್ಪ ಹೊತ್ತು ಅದನ್ನು ಕೇಳಿಸಿಕೊಂಡು, ‘ಅದೆಂಥದೋ ಪಂಪು ಕಟ್ಟಿ ಧೂಳು ತೂಗ್ತಾರೆ ಅಂದ್ಯಲ್ಲ’ ಎಂದಳು. ‘ಕಟ್ಟಲಿ. ಆದ್ರೆ ಆ ಹುಡುಗಿಗೆ ಹೇಳು, ಮಿಲ್ಲಿಗೆ ಹೋದ್ರೆ ಸೋಮವಾರ ಹೋಗಿ ಕೇಳಬೇಕು. ಶನಿವಾರ ಕೇಳಿದ್ರೆ ಎಲ್ಲಾರೂ ಚೆನ್ನಾಗಿದೀನಿ ಅಂತಾರೆ.’